ಊರಿನ ಕೊಚ್ಚೆ, ಕೊಲ್ಲಿಯ ನೀರು

ನಲ್ಲಿಯಲ್ಲಿ ಬರುವ ನೀರು ಯಾವ ಹೊಳೆಯದ್ದು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಥಟ್ಟನೆ ಉತ್ತರ ಹೇಳುತ್ತಾರೆ. ಮಂಗಳೂರಿನವರು ನೇತ್ರಾವತಿ ಎನ್ನುತ್ತಾರೆ, ಬೆಂಗಳೂರಿನವರು ಕಾವೇರಿ ಎನ್ನುತ್ತಾರೆ, ಶಿವಮೊಗ್ಗದವರು ತುಂಗೆ ಎನ್ನುತ್ತಾರೆ. ಅದೇ ನೀರು ನಮ್ಮ ಬಚ್ಚಲು, ಪಾಯಿಖಾನೆಗಳಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತೇವೆ. ಚರಂಡಿಗೆ ಹೋಗುತ್ತದೆ ಎನ್ನುತ್ತೇವೆ. ಚರಂಡಿ ಎಲ್ಲಿಗೆ ಹೋಗುತ್ತದೆ? ಆ ಪ್ರಶ್ನೆ ನಮ್ಮದಲ್ಲ, ನಗರಸಭೆಯದ್ದು ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿರುವ ಉತ್ತರ.

ಈ ಪ್ರಶ್ನೆಯನ್ನು ತನ್ನದೇ ಎಂದು ತಿಳಿದ ಒಂದು ಸಣ್ಣ ಊರಿನ ಇತಿಹಾಸವನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯದ ಉತ್ತರ ತುದಿಗೆ ಹತ್ತಿರವಾಗಿ, ಹಂಬೋಲ್ಟ್ ಕೊಲ್ಲಿಯ ದಡದಲ್ಲಿ ಆರ್ಕೇಟಾ ಎಂಬ ಊರಿದೆ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಹತ್ತೊಂಬತ್ತು ಸಾವಿರವನ್ನೂ ಮುಟ್ಟುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದು ಒಂದು ಪಟ್ಟಣ ಪಂಚಾಯಿತಿಯಷ್ಟು ದೊಡ್ಡದು. ಆದರೆ ಕೊಚ್ಚೆ ನೀರಿನ ಬಗ್ಗೆ ಪಾಠ ಹೇಳುವ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಈ ಊರಿನ ಹೆಸರು ಮತ್ತೆ ಮತ್ತೆ ಬರುತ್ತದೆ.

ಕೊಲ್ಲಿಯ ಹಳೆಯ ಲೆಕ್ಕ

ಹಂಬೋಲ್ಟ್ ಕೊಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನಂತರ ಕ್ಯಾಲಿಫೋರ್ನಿಯಾದ ಎರಡನೆಯ ದೊಡ್ಡ ನೈಸರ್ಗಿಕ ಕೊಲ್ಲಿ. ಅದರ ದಡದಲ್ಲಿ ತಲೆತಲಾಂತರದಿಂದ ಇದ್ದವರು ವಿಯೋಟ್ ಜನಾಂಗದವರು. ಮೀನು, ಚಿಪ್ಪು, ಹಕ್ಕಿ, ಜೊಂಡು ಎಲ್ಲವೂ ಅವರಿಗೆ ಆ ನೀರಿನಿಂದಲೇ ದೊರೆಯುತ್ತಿದ್ದವು. 1850ರಲ್ಲಿ ಚಿನ್ನದ ಗಣಿಗಳ ಬೆನ್ನು ಹತ್ತಿ ಬಂದ ಬಿಳಿಯರು ಅಲ್ಲಿ 'ಯೂನಿಯನ್' ಎಂಬ ಪೇಟೆಯನ್ನು ಕಟ್ಟಿದರು. 1860ರಲ್ಲಿ ಅದಕ್ಕೆ ಆರ್ಕೇಟಾ ಎಂದು ಹೆಸರಾಯಿತು. ಅದೇ ವರ್ಷದ ಫೆಬ್ರವರಿ 26ರಂದು ಕೊಲ್ಲಿಯೊಳಗಿನ ತುಲುವಾಟ್ ದ್ವೀಪದಲ್ಲಿ ಧಾರ್ಮಿಕ ಆಚರಣೆಗೆಂದು ಸೇರಿದ್ದ ವಿಯೋಟರನ್ನು ಬಿಳಿಯರ ಗುಂಪೊಂದು ಕೊಡಲಿ, ಚೂರಿಗಳಿಂದ ಕೊಂದಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು ಮತ್ತು ಮುದುಕರು. ಈ ಕೃತ್ಯವನ್ನು ಊರಿನ ಪತ್ರಿಕೆಯಲ್ಲಿ ಖಂಡಿಸಿ ಬರೆದ ತರುಣ ಬ್ರೆಟ್ ಹಾರ್ಟ್ ಊರು ಬಿಡಬೇಕಾಯಿತು. ಆತ ಮುಂದೆ ಅಮೆರಿಕದ ಹೆಸರಾಂತ ಕಥೆಗಾರನಾದ. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಆ ದ್ವೀಪದಲ್ಲಿ ತನ್ನ ಒಡೆತನದಲ್ಲಿದ್ದ ನೆಲವನ್ನು ನೆರೆಯ ಯುರೇಕಾ ನಗರವು ವಿಯೋಟರಿಗೆ ಮರಳಿಸಿದ್ದು 2019ರಲ್ಲಿ.

ಇದನ್ನೇಕೆ ಹೇಳುತ್ತಿದ್ದೇವೆಂದರೆ, ನೀರಿನ ಕಥೆ ಯಾವತ್ತೂ ನೀರಿನದ್ದು ಮಾತ್ರ ಆಗಿರುವುದಿಲ್ಲ. ದಡದ ಜನರನ್ನು ಕಡೆಗಣಿಸಿದವರು ದಡವನ್ನೂ ಕಡೆಗಣಿಸಿದರು. ಬೆಟ್ಟದ ರೆಡ್‌ವುಡ್ ಮರಗಳನ್ನು ಕಡಿದು ದಿಮ್ಮಿಗಳನ್ನು ತೇಲಿಬಿಡಲು ದಡದಲ್ಲಿ ಹೊಂಡಗಳನ್ನು ತೋಡಿದರು. ರೈಲು ಹಳಿಗೆಂದು, ಹುಲ್ಲುಗಾವಲಿಗೆಂದು ಉಪ್ಪು ಜೌಗಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರು. ನಮ್ಮ ಉತ್ತರ ಕನ್ನಡದ ಅಳಿವೆಗಳಲ್ಲಿ ಗಜನಿ ಭೂಮಿಗೆ ಕಟ್ಟೆ ಹಾಕುವುದನ್ನು ಕಂಡವರಿಗೆ ಈ ಕೆಲಸ ಹೊಸತಲ್ಲ. ವ್ಯತ್ಯಾಸವೆಂದರೆ ಗಜನಿಯಲ್ಲಿ ಉಬ್ಬರದ ನೀರನ್ನು ಋತುಮಾನ ನೋಡಿ ಒಳಗೆ ಬಿಡುತ್ತಾರೆ. ಅಲ್ಲಿ ಪೂರ್ತಿಯಾಗಿ ಹೊರಗಿಟ್ಟರು. ಹೀಗೆ ಕೊಲ್ಲಿಯ ಉಪ್ಪು ಜೌಗಿನ ಶೇಕಡಾ 90ರಷ್ಟು ಭಾಗ ಇಲ್ಲವಾಯಿತು.

ಉಳಿದ ದಡಕ್ಕೆ ಊರಿನ ಕೊಳೆ ಬಂತು. ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಆರ್ಕೇಟಾದ ಮಲಮೂತ್ರವೆಲ್ಲ ಹಾಗೆಯೇ ಕೊಲ್ಲಿಗೆ ಸೇರುತ್ತಿತ್ತು. 1949ರಲ್ಲಿ ಮೊದಲ ಶುದ್ಧೀಕರಣ ಘಟಕ ಬಂತು. ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ತಳಕ್ಕಿಳಿದ ಹೂಳನ್ನು ಬೇರ್ಪಡಿಸುವುದಷ್ಟೇ ಅದರ ಕೆಲಸ. 1950ರ ದಶಕದ ಕೊನೆಯಲ್ಲಿ ಕೊಲ್ಲಿಯ ಅಂಚಿನಲ್ಲಿ ಸುಮಾರು 55 ಎಕರೆಯಷ್ಟು ವಿಶಾಲವಾದ ಆಕ್ಸಿಡೇಶನ್ ಕೊಳಗಳನ್ನು ತೋಡಿದರು. ಮುಂದೆ ಕ್ಲೋರಿನ್ ಸೇರಿಸುವ ವ್ಯವಸ್ಥೆಯೂ ಆಯಿತು. ಆದರೆ 1960ರ ದಶಕದಲ್ಲಿ ಅದೇ ದಡದಲ್ಲಿ ಕಸದ ತಿಪ್ಪೆಯನ್ನೂ ತೆರೆದರು. 1973ರಲ್ಲಿ ಅದನ್ನು ಮುಚ್ಚುವ ಹೊತ್ತಿಗೆ ಅದೊಂದು ಗುಡ್ಡವೇ ಆಗಿತ್ತು. ಪಾಳುಬಿದ್ದ ದಿಮ್ಮಿ ಹೊಂಡ, ಕಸದ ಗುಡ್ಡ, ಕೊಚ್ಚೆಯ ಕೊಳ: ಊರಿನ ಎದುರು ಬಾಗಿಲು ಸಮುದ್ರಕ್ಕೆ ತೆರೆಯುತ್ತಿದ್ದರೂ ಜನ ಅದನ್ನು ಹಿತ್ತಲನ್ನಾಗಿ ಮಾಡಿಕೊಂಡಿದ್ದರು.

ಕೊಚ್ಚೆ ನೀರಿನಲ್ಲಿ ಅಪಾಯವೇನಿದೆ?

ಊರಿನ ಕೊಚ್ಚೆ ನೀರಿನಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಇರುವುದು ನೀರೇ. ಉಳಿದ ಚೂರುಪಾರಿನಲ್ಲಿ ಮೂರು ಬಗೆಯ ಅಪಾಯಗಳಿವೆ. ಮೊದಲನೆಯದು, ಕಾಲರಾ, ಟೈಫಾಯ್ಡ್, ಕಾಮಾಲೆಯಂಥ ರೋಗಗಳ ಬೀಜ. ಎರಡನೆಯದು, ಕೊಳೆಯುವ ಪದಾರ್ಥ. ಬ್ಯಾಕ್ಟೀರಿಯಾಗಳು ಇದನ್ನು ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಕೊಳೆ ಹೆಚ್ಚಾದಷ್ಟೂ ಆಮ್ಲಜನಕ ಕಡಿಮೆಯಾಗುತ್ತದೆ, ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಮೂರನೆಯದು, ಸಾರಜನಕ ಮತ್ತು ರಂಜಕ. ಹೊಲದಲ್ಲಿ ಗೊಬ್ಬರವಾಗುವ ಇವು ಕೆರೆಗೆ ಬಿದ್ದಾಗ ಪಾಚಿ, ಅಂತರಗಂಗೆಗಳನ್ನು ಬೆಳೆಸುತ್ತವೆ. ಪಾಚಿ ಸತ್ತು ಕೊಳೆತಾಗ ಮತ್ತೆ ಆಮ್ಲಜನಕಕ್ಕೆ ಕುತ್ತು.

ನದಿಯಾಗಲಿ ಕೊಲ್ಲಿಯಾಗಲಿ ಸ್ವಲ್ಪ ಕೊಳೆಯನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ. ಅದರ ಶಕ್ತಿ ಮೀರಿದಾಗ ಮಾತ್ರ ಕೆಡುತ್ತದೆ. ಶುದ್ಧೀಕರಣ ಘಟಕ ಮಾಡುವುದು ಇಷ್ಟೇ: ನದಿ ಹತ್ತಾರು ಮೈಲಿ ಹರಿಯುತ್ತಾ ಮಾಡುವ ಕೆಲಸವನ್ನು ಅದು ಸಣ್ಣ ಜಾಗದಲ್ಲಿ, ನದಿಗೆ ಸೇರುವ ಮೊದಲೇ ಮಾಡಿ ಮುಗಿಸುತ್ತದೆ. ಕೆಲಸ ಮಾಡುವವರು ಎರಡೂ ಕಡೆ ಒಬ್ಬರೇ. ಅವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು.

ಈ ಜೀವಿಗಳನ್ನು ಪಳಗಿಸಿದ ಇತಿಹಾಸಕ್ಕೆ ನಮ್ಮ ನಾಡಿನ ನಂಟೊಂದಿದೆ. 1912ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ರಸಾಯನ ವಿಜ್ಞಾನಿ ಗಿಲ್ಬರ್ಟ್ ಫೌಲರ್ ಅಮೆರಿಕಕ್ಕೆ ಹೋಗಿದ್ದಾಗ ಮ್ಯಾಸಚೂಸೆಟ್ಸಿನ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಚ್ಚೆ ನೀರಿಗೆ ಗಾಳಿ ಊದುವ ಪ್ರಯೋಗವನ್ನು ನೋಡಿದರು. ಮರಳಿ ಬಂದು ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ತಮ್ಮ ಜೊತೆಗಾರರಿಗೆ ಅದನ್ನು ಮುಂದುವರಿಸಲು ಸೂಚಿಸಿದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ಐದು ವಾರ ಹಿಡಿಯಿತು. ಅವರು ತಿಳಿನೀರನ್ನು ಬಸಿದು, ತಳದ ಹೂಳನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಚ್ಚೆ ನೀರು ಸುರಿದರು. ಮೊಸರಿಗೆ ಹೆಪ್ಪು ಹಾಕುವ ಕ್ರಮವೇ ಇದು. ಪ್ರತಿ ಸಲವೂ ಅವಧಿ ಕಡಿಮೆಯಾಗುತ್ತಾ ಬಂದು ಕೊನೆಗೆ ಒಂದು ದಿನದೊಳಗೆ ಕೆಲಸ ಮುಗಿಯತೊಡಗಿತು. 1914ರ ಏಪ್ರಿಲ್‌ನಲ್ಲಿ ಪ್ರಕಟವಾದ ಈ 'ಆಕ್ಟಿವೇಟೆಡ್ ಸ್ಲಡ್ಜ್' ವಿಧಾನವೇ ಇಂದು ಜಗತ್ತಿನ ದೊಡ್ಡ ನಗರಗಳ ಘಟಕಗಳಿಗೆಲ್ಲ ಅಡಿಪಾಯ. ಅದಾಗಿ ಎರಡೇ ವರ್ಷಗಳಲ್ಲಿ, 1916ರಲ್ಲಿ, ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅಂದರೆ ಕೊಚ್ಚೆ ನೀರಿನ ವಿಜ್ಞಾನ ನಮ್ಮ ರಾಜಧಾನಿಗೆ ತಡವಾಗಿ ಬಂತು ಎಂದು ದೂರುವಂತಿಲ್ಲ. ಅದು ಜಗತ್ತಿನ ಬೇರೆಷ್ಟೋ ಊರುಗಳಿಗಿಂತ ಮೊದಲೇ ಬಂದಿತ್ತು.

ದೊಡ್ಡ ಕೊಳವೆಯ ಆಮಿಷ

ಮತ್ತೆ ಆರ್ಕೇಟಾಗೆ ಬರೋಣ. 1972ರಲ್ಲಿ ಅಮೆರಿಕದ ಸಂಸತ್ತು ಶುದ್ಧ ಜಲ ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ ಹೊಸ ಘಟಕ ಕಟ್ಟುವ ಊರುಗಳಿಗೆ ವೆಚ್ಚದ ಶೇಕಡಾ 75ನ್ನು ಕೇಂದ್ರವೇ ಕೊಡುತ್ತಿತ್ತು. ಕ್ಯಾಲಿಫೋರ್ನಿಯಾ ರಾಜ್ಯ ಇನ್ನೂ 12.5ನ್ನು ಸೇರಿಸುತ್ತಿತ್ತು. ಊರಿನ ಪಾಲು ಉಳಿದ 12.5 ಮಾತ್ರ. 1974ರಲ್ಲಿ ರಾಜ್ಯದ ಜಲ ಮಂಡಳಿ ಇನ್ನೊಂದು ನಿಯಮ ತಂದಿತು: ಕೊಲ್ಲಿ ಮತ್ತು ಅಳಿವೆಗಳಿಗೆ ಊರಿನ ಕೊಚ್ಚೆ ನೀರನ್ನು ಬಿಡಬಾರದು, ಬಿಡಲೇಬೇಕಿದ್ದರೆ ಅದರಿಂದ ಕೊಲ್ಲಿಯ ನೀರಿನ ಗುಣ 'ವೃದ್ಧಿ'ಯಾಗುತ್ತದೆ ಎಂದು ಸಾಬೀತುಪಡಿಸಬೇಕು.

ನಿಯಮದ ಉದ್ದೇಶ ಒಳ್ಳೆಯದೇ ಆಗಿತ್ತು. ಅದಕ್ಕೆ ಸೂಚಿಸಿದ ಪರಿಹಾರ ಮಾತ್ರ ಭಾರೀ ಗಾತ್ರದ್ದು. ಕೊಲ್ಲಿಯ ಸುತ್ತಲಿನ ಊರುಗಳೆಲ್ಲ ಸೇರಿ 1975ರಲ್ಲಿ ಒಂದು ಪ್ರಾಧಿಕಾರ ಮಾಡಿಕೊಂಡವು. ಎಲ್ಲ ಊರುಗಳ ಕೊಚ್ಚೆಯನ್ನೂ ಕೊಲ್ಲಿಯ ಸುತ್ತ ಮತ್ತು ಕೊಲ್ಲಿಯ ಅಡಿಯಲ್ಲಿ ಹಾಯುವ ಕೊಳವೆಗಳ ಮೂಲಕ ಒಂದೇ ದೊಡ್ಡ ಘಟಕಕ್ಕೆ ಪಂಪು ಮಾಡಿ, ಅಲ್ಲಿಂದ ತೆರೆದ ಸಮುದ್ರಕ್ಕೆ ಬಿಡುವುದು ಯೋಜನೆ. ವೆಚ್ಚದ ಅಂದಾಜು ವರ್ಷದಿಂದ ವರ್ಷಕ್ಕೆ ಏರಿ ಹಲವು ಕೋಟಿ ಡಾಲರಿಗೆ ಮುಟ್ಟಿತು.

ಕಟ್ಟುವ ಹಣದಲ್ಲಿ ನೂರಕ್ಕೆ ಎಂಬತ್ತೇಳೂವರೆ ಹೊರಗಿನಿಂದ ಬರುವಾಗ ಯಾರು ಬೇಡ ಎನ್ನುತ್ತಾರೆ? ನಮ್ಮ ಊರುಗಳಲ್ಲಿಯೂ ಇದೇ ನಡೆಯುವುದು. ಅನುದಾನ ಬಂದಾಗ ಕಟ್ಟಡ ಏಳುತ್ತದೆ, ಉದ್ಘಾಟನೆಯ ಕಲ್ಲು ನಿಲ್ಲುತ್ತದೆ. ಆಮೇಲೆ ಕರೆಂಟು ಬಿಲ್ಲು ಕಟ್ಟುವವರಾರು, ಮೋಟಾರು ಸುಟ್ಟರೆ ದುರಸ್ತಿ ಮಾಡಿಸುವವರಾರು ಎಂಬುದನ್ನು ಯಾರೂ ಮೊದಲು ಕೇಳುವುದಿಲ್ಲ. ಆರ್ಕೇಟಾ ಅದನ್ನು ಮೊದಲೇ ಕೇಳಿತು. ಹಗಲಿರುಳು ಪಂಪು ಓಡಿಸುವ ಖರ್ಚು ಊರಿನ ಮೇಲೆಯೇ ಬೀಳಲಿತ್ತು. ಭೂಕಂಪಗಳ ಸೀಮೆಯಲ್ಲಿ ಕೊಲ್ಲಿಯ ತಳದ ಕೊಳವೆ ಒಡೆದರೆ ಗತಿಯೇನು ಎಂಬ ಭಯವಿತ್ತು. ಇವೆಲ್ಲಕ್ಕಿಂತ ಮೂಲವಾದ ಪ್ರಶ್ನೆಯೂ ಒಂದಿತ್ತು: ಒಳ್ಳೆಯ ನೀರನ್ನೂ ಅದರೊಳಗಿನ ಗೊಬ್ಬರವನ್ನೂ ಹಣ ಕೊಟ್ಟು ಸಮುದ್ರಕ್ಕೆ ಚೆಲ್ಲುವುದು ಯಾವ ಬುದ್ಧಿವಂತಿಕೆ?

ಒಂದು ಪದದ ಮೇಲೆ ನಿಂತ ವಾದ

ಊರಿನಲ್ಲಿ ಹಂಬೋಲ್ಟ್ ಸ್ಟೇಟ್ ವಿಶ್ವವಿದ್ಯಾಲಯವಿತ್ತು. 2022ರಿಂದ ಅದಕ್ಕೆ ಕ್ಯಾಲ್ ಪಾಲಿ ಹಂಬೋಲ್ಟ್ ಎಂದು ಹೆಸರಾಗಿದೆ. ಅಲ್ಲಿನ ಮೀನುಗಾರಿಕೆ ಪ್ರಾಧ್ಯಾಪಕ ಜಾರ್ಜ್ ಅಲೆನ್ 1970ರ ದಶಕದ ಆರಂಭದಿಂದಲೇ ಒಂದು ವಿಚಿತ್ರ ಪ್ರಯೋಗದಲ್ಲಿ ತೊಡಗಿದ್ದರು. ಊರಿನ ಶುದ್ಧೀಕರಿಸಿದ ಕೊಚ್ಚೆ ನೀರಿಗೆ ಕೊಲ್ಲಿಯ ಉಪ್ಪುನೀರನ್ನು ಬೆರೆಸಿ ಆ ಕೊಳದಲ್ಲಿ ಸಾಲ್ಮನ್ ಮರಿಗಳನ್ನು ಸಾಕುತ್ತಿದ್ದರು. ಸಾಲ್ಮನ್ ಶುದ್ಧ ನೀರನ್ನು ಬಯಸುವ ಮೀನು. ಅದು ಆ ನೀರಿನಲ್ಲಿ ಬದುಕಿ ಬೆಳೆಯಿತು. ಪರಿಸರ ಎಂಜಿನಿಯರಿಂಗ್ ಕಲಿಸುತ್ತಿದ್ದ ರಾಬರ್ಟ್ ಗೇರ್‌ಹಾರ್ಟ್ ಜೌಗಿನ ಸಸ್ಯಗಳು ಕೊಳೆಯನ್ನು ಹೇಗೆ ತೆಗೆಯಬಲ್ಲವೆಂದು ಅಧ್ಯಯನ ಮಾಡುತ್ತಿದ್ದರು. ನಗರಸಭೆಯ ಲೋಕೋಪಯೋಗಿ ವಿಭಾಗದ ಮುಖ್ಯಸ್ಥ ಫ್ರಾಂಕ್ ಕ್ಲಾಪ್ ಮತ್ತು ಸದಸ್ಯ ಡ್ಯಾನ್ ಹೌಸರ್ ಇವರ ಜೊತೆ ನಿಂತರು. ಪ್ರಾಧ್ಯಾಪಕರ ಪ್ರಯೋಗಾಲಯಕ್ಕೂ ನಗರಸಭೆಯ ಕಚೇರಿಗೂ ಇರುವ ದೂರವನ್ನು ನಾವು ಬಲ್ಲೆವು. ಆ ಊರಿನಲ್ಲಿ ಆ ದೂರ ಕಡಿಮೆಯಾದದ್ದೇ ಈ ಕಥೆಯ ತಿರುವು.

ಅವರು ನಿಯಮವನ್ನು ಮುರಿಯಲಿಲ್ಲ. ನಿಯಮದೊಳಗಿನ 'ವೃದ್ಧಿ' ಎಂಬ ಒಂದೇ ಪದವನ್ನು ಹಿಡಿದರು. ಕೆಟ್ಟುಹೋದ ದಡದಲ್ಲಿ ಮತ್ತೆ ಜೌಗನ್ನು ಬೆಳೆಸುತ್ತೇವೆ, ಶುದ್ಧೀಕರಿಸಿದ ನೀರನ್ನು ಅದರ ಮೂಲಕ ಹಾಯಿಸುತ್ತೇವೆ. ಹಕ್ಕಿಗೆ ನೆಲೆಯಾಗುತ್ತದೆ, ಮೀನಿಗೆ ನೆಲೆಯಾಗುತ್ತದೆ, ಜನರಿಗೆ ತಿರುಗಾಡಲು ಜಾಗವಾಗುತ್ತದೆ. ಇದು ಕೊಲ್ಲಿಯ ವೃದ್ಧಿಯಲ್ಲದೆ ಮತ್ತೇನು ಎಂದು ಕೇಳಿದರು. ಜಲ ಮಂಡಳಿ ಸುಲಭವಾಗಿ ಒಪ್ಪಲಿಲ್ಲ. ಜೊಂಡು ಹುಲ್ಲು ನೀರನ್ನು ಶುದ್ಧ ಮಾಡುತ್ತದೆಂದು ನಂಬುವುದು ಹೇಗೆ? ಕೊನೆಗೆ 1979ರಲ್ಲಿ ಪ್ರಾಯೋಗಿಕ ಯೋಜನೆಗೆ ಅನುಮತಿ ಸಿಕ್ಕಿತು. ಸಣ್ಣ ಸಣ್ಣ ಜೌಗಿನ ಮಡಿಗಳನ್ನು ಮಾಡಿ ಮೂರು ವರ್ಷ ನೀರನ್ನು ಹಾಯಿಸಿ ಅಳೆದರು. ಅಂಕಿಗಳು ಅವರ ಪರವಾಗಿ ನಿಂತವು. 1983ರಲ್ಲಿ ಒಪ್ಪಿಗೆ ದೊರೆಯಿತು. 1986ರಲ್ಲಿ ಪೂರ್ತಿ ವ್ಯವಸ್ಥೆ ಕೆಲಸ ಆರಂಭಿಸಿತು. ಮರುವರ್ಷ ಫೋರ್ಡ್ ಪ್ರತಿಷ್ಠಾನ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿ ಕೊಡುವ ಸರಕಾರಿ ನಾವೀನ್ಯದ ಪ್ರಶಸ್ತಿ ಈ ಪುಟ್ಟ ಊರಿಗೆ ಬಂತು. ಕಕ್ಕಸಿನ ನೀರನ್ನು ಹೆಮ್ಮೆಯಿಂದ ಬಿಡುವವರು ನಾವು ಎಂಬ ಅರ್ಥದ ಘೋಷಣೆಯೊಂದನ್ನು ಊರಿನವರು ತಮ್ಮ ಕಾರುಗಳ ಹಿಂದೆ ಅಂಟಿಸಿಕೊಂಡು ತಿರುಗಿದರು.

ನೀರಿನ ಪ್ರಯಾಣ

ಆರ್ಕೇಟಾದ ಮನೆಯಿಂದ ಹೊರಟ ನೀರು ಮೊದಲು ಸರಳುಗಳ ಜಾಲರಿಯನ್ನು ದಾಟಬೇಕು. ಬಟ್ಟೆ, ಪ್ಲಾಸ್ಟಿಕ್, ಕಡ್ಡಿ ಅಲ್ಲಿ ಉಳಿಯುತ್ತವೆ, ಮರಳು ಕೆಳಗಿಳಿಯುತ್ತದೆ. ಮುಂದೆ ದೊಡ್ಡ ತೊಟ್ಟಿಯಲ್ಲಿ ನಿಧಾನವಾಗಿ ನಿಂತಾಗ ಭಾರದ ಕೊಳೆ ತಳ ಸೇರುತ್ತದೆ. ಆ ಹೂಳನ್ನು ಗಾಳಿಯಾಡದ ಪಾತ್ರೆಯಲ್ಲಿ ಕೊಳೆಯಿಸುತ್ತಾರೆ. ನಮ್ಮ ಹಳ್ಳಿಗಳ ಗೋಬರ್ ಗ್ಯಾಸಿನ ತತ್ತ್ವವೇ ಇಲ್ಲಿಯದೂ. ಉಳಿದದ್ದು ಕಾಂಪೋಸ್ಟ್ ಗೊಬ್ಬರವಾಗುತ್ತದೆ.

ತಿಳಿಯಾದ ನೀರು ವಿಶಾಲವಾದ ಆಕ್ಸಿಡೇಶನ್ ಕೊಳಗಳಿಗೆ ಹೋಗುತ್ತದೆ. ಅಲ್ಲಿ ಯಂತ್ರದಿಂದ ಗಾಳಿ ಊದಬೇಕಿಲ್ಲ. ಬಿಸಿಲಿನಲ್ಲಿ ಪಾಚಿ ಬೆಳೆದು ಆಮ್ಲಜನಕ ಕೊಡುತ್ತದೆ, ಅದನ್ನು ಉಸಿರಾಡಿ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತದೆ, ಬ್ಯಾಕ್ಟೀರಿಯಾ ಬಿಟ್ಟ ಇಂಗಾಲಾಮ್ಲವನ್ನು ಪಾಚಿ ಬಳಸುತ್ತದೆ. ಆದರೆ ಇಲ್ಲಿ ಒಂದು ತೊಡಕಿದೆ. ಕೊಳೆ ಹೋದರೂ ನೀರು ಪಾಚಿಯಿಂದ ಹಸುರಾಗಿ ಉಳಿಯುತ್ತದೆ. ಈ ಪಾಚಿ ಕೊಲ್ಲಿಗೆ ಹೋಗಿ ಸತ್ತರೆ ಮತ್ತೆ ಅದೇ ಸಮಸ್ಯೆ. ಎಷ್ಟೋ ಸಣ್ಣ ಊರುಗಳ ಕೊಳಗಳು ಸರಕಾರದ ಅಳತೆಯಲ್ಲಿ ಅನುತ್ತೀರ್ಣವಾಗುವುದು ಈ ಪಾಚಿಯಿಂದಲೇ.

ಜೌಗು ನೆರವಿಗೆ ಬರುವುದು ಇಲ್ಲಿ. ಆಪು, ಜೊಂಡುಗಳು ಒತ್ತಾಗಿ ಬೆಳೆದ ಮಡಿಗಳೊಳಗೆ ನೀರು ನಡೆದಾಡುವ ವೇಗಕ್ಕಿಂತಲೂ ನಿಧಾನವಾಗಿ ಸಾಗುತ್ತದೆ. ಗಿಡಗಳ ನೆರಳಿನಲ್ಲಿ ಬಿಸಿಲು ಸಿಗದೆ ಪಾಚಿ ಸತ್ತು ತಳಕ್ಕಿಳಿಯುತ್ತದೆ. ನೀರೊಳಗಿನ ಲಕ್ಷಾಂತರ ಕಾಂಡಗಳ ಮೇಲೆ ಬ್ಯಾಕ್ಟೀರಿಯಾಗಳು ತೆಳ್ಳನೆಯ ಲೋಳೆಯಾಗಿ ಅಂಟಿಕೊಂಡಿರುತ್ತವೆ. ಉಳಿದ ಕೊಳೆಯನ್ನು ಅವು ತಿನ್ನುತ್ತವೆ. ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಡೆ ಬೇರೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಮರಳಿಸುತ್ತದೆ. ಅಲ್ಲಿಂದ ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್. ನಂತರ ಮತ್ತೆ ಮೂರು ದೊಡ್ಡ ಜೌಗುಗಳು. ಅವುಗಳಿಗೆ ಅಲೆನ್, ಗೇರ್‌ಹಾರ್ಟ್, ಹೌಸರ್ ಎಂದೇ ಹೆಸರು. ಬೇರೆ ಊರುಗಳಲ್ಲಿ ರಸ್ತೆ, ವೃತ್ತಗಳಿಗೆ ಹೆಸರಿಡುತ್ತಾರೆ. ಇಲ್ಲಿ ಕೊಚ್ಚೆ ನೀರು ಹಾಯುವ ಜೌಗಿಗೆ ಇಟ್ಟರು, ಅದು ಅವರಿಗೆ ಗೌರವವೇ ಆಯಿತು. ಕಡೆಗೆ ಮತ್ತೊಮ್ಮೆ ಕ್ಲೋರಿನ್ ಸೇರಿಸಿ, ಮೀನಿಗೆ ವಿಷವಾಗದಂತೆ ಆ ಕ್ಲೋರಿನನ್ನೂ ತೆಗೆದು ನೀರನ್ನು ಕೊಲ್ಲಿಗೆ ಬಿಡುವುದು 1986ರಲ್ಲಿ ರೂಪುಗೊಂಡ ಕ್ರಮ. ಮಳೆಯಿಲ್ಲದ ದಿನಗಳಲ್ಲಿ ದಿನಕ್ಕೆ ಸರಾಸರಿ 23 ಲಕ್ಷ ಗ್ಯಾಲನ್, ಅಂದರೆ ಸುಮಾರು 87 ಲಕ್ಷ ಲೀಟರ್ ನೀರಿಗೆಂದು ಈ ವ್ಯವಸ್ಥೆಯನ್ನು ರೂಪಿಸಲಾಗಿತ್ತು.

ಇದೆಲ್ಲ ಇರುವುದು ಸುಮಾರು 307 ಎಕರೆಯ ವನ್ಯಜೀವಿ ಧಾಮದೊಳಗೆ. ಹಳೆಯ ದಿಮ್ಮಿ ಹೊಂಡಗಳ ಜಾಗದಲ್ಲಿ ಈಗ ನೀರುಹಕ್ಕಿಗಳಿವೆ. ಕಸದ ಗುಡ್ಡಕ್ಕೆ ಮಣ್ಣು ಹೊದಿಸಿ ಹುಲ್ಲು ಬೆಳೆಸಿದ್ದಾರೆ. ಮುನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಇಲ್ಲಿ ಗುರುತಿಸಲಾಗಿದೆ. ಬೆಳಗ್ಗೆ ಊರಿನ ಜನ ವಾಕಿಂಗ್ ಹೋಗುವುದು ತಮ್ಮದೇ ಕಕ್ಕಸಿನ ನೀರಿನ ದಡದಲ್ಲಿ.

ಈ ಎಚ್ಚರಕ್ಕೆ ಹಣದ ಲೆಕ್ಕವೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸಾಕುವ ಸಿಂಪಿಗಳಲ್ಲಿ, ಅಂದರೆ ಆಯ್‌ಸ್ಟರ್‌ಗಳಲ್ಲಿ, ಹೆಚ್ಚಿನ ಪಾಲು ಹಂಬೋಲ್ಟ್ ಕೊಲ್ಲಿಯದ್ದು. ಸಿಂಪಿ ತಾನಿರುವ ನೀರನ್ನು ಸೋಸಿ ತಿನ್ನುವ ಜೀವಿ. ನೀರಿನಲ್ಲಿ ರೋಗಾಣುವಿದ್ದರೆ ಅದು ಸಿಂಪಿಯೊಳಗೆ ಸೇರಿ, ತಿಂದವರ ಹೊಟ್ಟೆಗೆ ಹೋಗುತ್ತದೆ. ಜೋರು ಮಳೆ ಬಂದು ಊರು, ಹುಲ್ಲುಗಾವಲುಗಳ ಕೊಳೆ ಕೊಲ್ಲಿಗೆ ಹರಿದಾಗ ಕೆಲವು ದಿನ ಸಿಂಪಿ ತೆಗೆಯುವುದನ್ನೇ ನಿಲ್ಲಿಸುತ್ತಾರೆ. ಹೀಗಾಗಿ ಘಟಕದಲ್ಲಿ ಕೆಲಸ ಕೆಟ್ಟರೆ ಮೊದಲು ಪೆಟ್ಟು ಬೀಳುವುದು ಕೊಲ್ಲಿಯಲ್ಲಿ ದುಡಿದು ಉಣ್ಣುವವರಿಗೆ.

ನೀರು ಮತ್ತೆ ಶುದ್ಧವಾಗುತ್ತದೆಯೇ?

ಎಷ್ಟೇ ಶುದ್ಧ ಮಾಡಿದರೂ ಅದು ಕಕ್ಕಸಿನ ನೀರೇ ಅಲ್ಲವೇ ಎಂಬ ಅಳುಕು ಎಲ್ಲ ಸಮಾಜಗಳಲ್ಲಿಯೂ ಇದೆ. ನಮ್ಮ ಓದುಗರಲ್ಲಿ ಹಲವರಿಗೆ ಇದು ತಹಾರತಿನ, ಅಂದರೆ ಶುಚಿತ್ವದ ಪ್ರಶ್ನೆಯೂ ಹೌದು. 1978ರಲ್ಲಿ ಸೌದಿ ಅರೇಬಿಯಾದ ಹಿರಿಯ ಉಲಮಾಗಳ ಮಂಡಳಿಯ ಮುಂದೆ ಈ ಪ್ರಶ್ನೆ ಬಂದಿತ್ತು. ತಜ್ಞರ ಅಭಿಪ್ರಾಯವನ್ನು ಪಡೆದು ಮಂಡಳಿಯು, ಆಧುನಿಕ ವಿಧಾನಗಳಿಂದ ರುಚಿ, ಬಣ್ಣ, ವಾಸನೆಯಲ್ಲಿ ಮಾಲಿನ್ಯದ ಗುರುತೇ ಉಳಿಯದಂತೆ ಶುದ್ಧೀಕರಿಸಿದ ನೀರು ಮತ್ತೆ ಶುದ್ಧ ನೀರೇ ಎಂದು ತೀರ್ಮಾನಿಸಿತು. ಅದರಲ್ಲಿ ಒಂದು ಷರತ್ತಿತ್ತು: ನೀರು ಶುದ್ಧವಾಗಿದೆ ಎಂಬುದಕ್ಕೆ ಪ್ರಾಮಾಣಿಕರಾದ, ಆ ವಿದ್ಯೆ ಬಲ್ಲವರ ಸಾಕ್ಷ್ಯ ಬೇಕು.

ಈ ಷರತ್ತು ಧರ್ಮದ ಆಚೆಗೂ ಅನ್ವಯವಾಗುವಂಥದು. ಘಟಕವೊಂದು ಇದೆ ಎಂಬುದು ನೀರು ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. 2018ರಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬರಪೀಡಿತ ಕೋಲಾರದ ಕೆರೆಗಳಿಗೆ ಹರಿಸಲಾಯಿತು. ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಜನ ಸಂತೋಷಪಟ್ಟರು. ಕೆಲವೇ ವಾರಗಳಲ್ಲಿ ನೊರೆ ಕಂಡಾಗ ಆತಂಕಪಟ್ಟರು, ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಬತ್ತಿದ ನಾಡಿಗೆ ನೀರು ಬೇಕು ಎಂಬವರ ಮಾತೂ ನಿಜ, ಎಂಥ ನೀರು ಎಂದು ಕೇಳಿದವರ ಮಾತೂ ನಿಜ. ಇಬ್ಬರ ನಡುವೆ ಬೇಕಾಗಿದ್ದುದು ನಂಬಬಹುದಾದ ಅಳತೆ. ಆರ್ಕೇಟಾದಲ್ಲಿ ಮೂರು ವರ್ಷದ ಅಳತೆ ಮೊದಲು ನಡೆದು ಅನುಮತಿ ಆಮೇಲೆ ಸಿಕ್ಕಿತು ಎಂಬುದನ್ನು ಇಲ್ಲಿ ನೆನೆಯಬೇಕು.

ಮಿತಿಗಳೂ ಇವೆ

ಆರ್ಕೇಟಾವನ್ನು ಸ್ವರ್ಗವೆಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಚಳಿಗಾಲದ ಮಳೆಯಲ್ಲಿ ಹಳೆಯ ಕೊಳವೆಗಳ ಬಿರುಕುಗಳಿಂದ ಮಳೆನೀರು ಒಳನುಗ್ಗಿ ಘಟಕಕ್ಕೆ ಬರುವ ನೀರು ಹಲವು ಪಟ್ಟಾಗುತ್ತದೆ. ಆಗ ನಿಗದಿತ ಮಟ್ಟವನ್ನು ಕಾಯ್ದುಕೊಳ್ಳುವುದು ಊರಿಗೆ ಕಷ್ಟವಾಗಿದೆ. ಮೂವತ್ತು ನಲವತ್ತು ವರ್ಷಗಳ ಹೂಳು, ಸತ್ತ ಗಿಡಗಳು ಜೌಗಿನಲ್ಲಿ ತುಂಬುತ್ತವೆ, ಅವನ್ನು ತೆಗೆಯಬೇಕು. ಕ್ಲೋರಿನ್ ಬದಲು ಅತಿನೇರಳೆ ಬೆಳಕಿನಿಂದ ರೋಗಾಣುಗಳನ್ನು ಕೊಲ್ಲುವ ಮತ್ತು ಹಳೆಯ ಘಟಕವನ್ನು ನವೀಕರಿಸುವ ದುಬಾರಿ ಕೆಲಸವನ್ನು ಊರು ಕೈಗೆತ್ತಿಕೊಳ್ಳಬೇಕಾಯಿತು. ಎಲ್ಲಕ್ಕಿಂತ ದೊಡ್ಡ ಚಿಂತೆ ಸಮುದ್ರದ್ದು. ಹಂಬೋಲ್ಟ್ ಕೊಲ್ಲಿಯ ಸುತ್ತ ಕಡಲು ಏರುತ್ತಿದೆ, ಜೊತೆಗೆ ನೆಲವೂ ಕುಸಿಯುತ್ತಿದೆ. ಕ್ಯಾಲಿಫೋರ್ನಿಯಾದ ತೀರದಲ್ಲಿ ನೀರಿನ ಮಟ್ಟ ಅತಿ ವೇಗವಾಗಿ ಏರುತ್ತಿರುವುದು ಇಲ್ಲಿಯೇ. ಕಟ್ಟೆಗಳಾಚೆ ಕಾದಿರುವ ಸಮುದ್ರ ಒಂದು ದಿನ ಕೊಳಗಳ ಒಳಗೆ ಬಂದರೆ ಏನು ಮಾಡುವುದು ಎಂಬ ಚರ್ಚೆ ಆ ಊರಿನಲ್ಲಿ ನಡೆದಿದೆ.

ಈ ಮಾದರಿ ಎಲ್ಲ ಊರಿಗೂ ಹೊಂದುವುದಿಲ್ಲ. ಇದಕ್ಕೆ ವಿಶಾಲವಾದ ಜಾಗ ಬೇಕು. ವಿಷಕಾರಿ ಕಾರ್ಖಾನೆ ನೀರು ಬೆರೆಯದ ಊರಾಗಿರಬೇಕು. ಮಹಾನಗರಕ್ಕೆ ಇದು ಆಗದು ಎಂದು ತಜ್ಞರು ಹೇಳುತ್ತಾರೆ. ಆದರೆ ಕೋಲ್ಕತ್ತದ ಪೂರ್ವದಲ್ಲಿ ಬೆಸ್ತರು ಮತ್ತು ರೈತರು ಮಹಾನಗರದ ಕೊಚ್ಚೆ ನೀರನ್ನೇ ಆಳವಿಲ್ಲದ ಕೆರೆಗಳಿಗೆ ಬಿಟ್ಟು, ಬಿಸಿಲು ಮತ್ತು ಪಾಚಿಯಿಂದ ತಿಳಿಯಾಗಿಸಿ, ಮೀನು, ತರಕಾರಿ ಬೆಳೆಯುವುದನ್ನು ಆರ್ಕೇಟಾಕ್ಕಿಂತ ಎಷ್ಟೋ ಮೊದಲೇ ಕಲಿತಿದ್ದರು. ಆ ಜೌಗುಗಳ ವಿಸ್ತಾರ 12,500 ಹೆಕ್ಟೇರ್. ಎಂಜಿನಿಯರ್ ಧ್ರುವಜ್ಯೋತಿ ಘೋಷ್ ಅವುಗಳ ಮಹತ್ವವನ್ನು ಜಗತ್ತಿಗೆ ತಿಳಿಸಲು ಜೀವಮಾನವನ್ನೇ ಸವೆಸಿದರು. 2002ರಲ್ಲಿ ಅವು ರಾಮ್ಸಾರ್ ಪಟ್ಟಿಗೆ ಸೇರಿದವು. ಪ್ರಾಧ್ಯಾಪಕರಿಗೆ ಪ್ರಶಸ್ತಿ ತಂದುಕೊಟ್ಟ ವಿದ್ಯೆಯನ್ನು ಬೆಸ್ತರು ಯಾವ ಪ್ರಶಸ್ತಿಯೂ ಇಲ್ಲದೆ ಬಲ್ಲವರಾಗಿದ್ದರು.

ನಮ್ಮ ಪಾಲಿನ ಪ್ರಶ್ನೆ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ವರದಿಯಂತೆ ಭಾರತದ ನಗರ, ಪಟ್ಟಣಗಳಿಂದ ದಿನಕ್ಕೆ 72,000 ದಶಲಕ್ಷ ಲೀಟರಿಗೂ ಹೆಚ್ಚು ಕೊಚ್ಚೆ ನೀರು ಹೊರಬೀಳುತ್ತಿತ್ತು. ಅದರಲ್ಲಿ ಶುದ್ಧೀಕರಣಗೊಳ್ಳುತ್ತಿದ್ದುದು ಸುಮಾರು 20,000 ದಶಲಕ್ಷ ಲೀಟರ್ ಮಾತ್ರ. ಉಳಿದದ್ದು ಕೆರೆಗೆ, ಹೊಳೆಗೆ, ಕಡಲಿಗೆ. ಫೌಲರ್ ಬಂದು ಪಾಠ ಹೇಳಿದ ಬೆಂಗಳೂರಿನಲ್ಲಿ, ಅವರು ಬಂದು ನೂರು ವರ್ಷ ತುಂಬಿದ ಮರುವರ್ಷ, 2017ರಲ್ಲಿ, ಬೆಳ್ಳಂದೂರು ಕೆರೆ ಹೊತ್ತಿ ಉರಿಯಿತು. ನೀರು ಉರಿಯುವುದನ್ನು ಜಗತ್ತೇ ಟಿವಿಯಲ್ಲಿ ನೋಡಿತು.

ಇನ್ನೊಂದು ಲೆಕ್ಕ ಇದಕ್ಕಿಂತಲೂ ನೋವಿನದು. ನಾವು ಕಣ್ಣಿನಿಂದ ಮರೆಮಾಡಿದ ಕೊಳೆಯನ್ನು ಯಾರೋ ಒಬ್ಬರು ಕಣ್ಣಾರೆ ನೋಡಲೇಬೇಕು. ಮಲ ಹೊರುವ ಕೆಲಸವನ್ನು 1993ರ ಕಾಯಿದೆಯೇ ನಿಷೇಧಿಸಿತ್ತು, ಸುರಕ್ಷತಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಹಾಗಿದ್ದೂ ಗುಂಡಿಯೊಳಗೆ ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ. ಸತ್ತವರು ಯಾವ ಜಾತಿಯವರೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ಕೆಡುವುದೂ ಇವರು ಸಾಯುವುದೂ ಬೇರೆ ಬೇರೆ ಸಂಗತಿಗಳಲ್ಲ. ನಮ್ಮ ಕೊಳೆ ನಮ್ಮದಲ್ಲ ಎಂದು ಕೈತೊಳೆದುಕೊಳ್ಳುವ ಒಂದೇ ಅಭ್ಯಾಸದಿಂದ ಎರಡೂ ಹುಟ್ಟಿವೆ.

ಆರ್ಕೇಟಾದ ಜನ ಮಾಡಿದ್ದು ದೊಡ್ಡ ಸಂಶೋಧನೆಯೇನಲ್ಲ. ಜೊಂಡು, ಪಾಚಿ, ಕೆಸರು, ಬಿಸಿಲು ನಮ್ಮಲ್ಲಿಯೂ ಬೇಕಾದಷ್ಟಿವೆ. ಬಿಸಿಲಂತೂ ಅವರಿಗಿಂತ ಹೆಚ್ಚೇ ಇದೆ. ದೂರದ ಸಮುದ್ರಕ್ಕೆ ಕಳಿಸಿ ಮರೆತುಬಿಡಬಹುದಾಗಿದ್ದ ಕೊಳೆಯನ್ನು ಅವರು ಊರ ಮುಂದೆ, ಎಲ್ಲರೂ ನಡೆದಾಡುವ ಜಾಗದಲ್ಲಿ ಇಟ್ಟುಕೊಂಡರು. ಎದುರಿಗೇ ಇರುವುದರಿಂದ ಅದು ಕೆಟ್ಟರೆ ಊರಿಗೆ ಮೊದಲು ವಾಸನೆ ಬರುತ್ತದೆ, ಊರೇ ಮೊದಲು ಕೇಳುತ್ತದೆ.

ನಮ್ಮ ಊರಿನ ಚರಂಡಿ ಯಾವ ಕೆರೆಗೆ, ಯಾವ ಹೊಳೆಗೆ ಸೇರುತ್ತದೆ? ಊರಲ್ಲಿ ಶುದ್ಧೀಕರಣ ಘಟಕವಿದ್ದರೆ ಅದು ಇವತ್ತು ಓಡುತ್ತಿದೆಯೇ, ಅಲ್ಲಿನ ನೀರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಅಲ್ಲಿ ದುಡಿಯುವವರಿಗೆ ಕೈಗವಸು, ಬೂಟುಗಳಿವೆಯೇ? ಮುಂದಿನ ಸಲ ವಾರ್ಡಿನ ಸದಸ್ಯರು ಮನೆ ಬಾಗಿಲಿಗೆ ಬಂದಾಗ ನಲ್ಲಿಯ ನೀರಿನ ಜೊತೆಗೆ ಇವನ್ನೂ ಕೇಳಿ ನೋಡೋಣ.